ಎಲೆ ಹಿಂದಿನ ಪುಡಿಯಿಂದ ಜರೀಗಿಡ ಬೆಳೆಸುವುದು ಹೇಗೆ?

ಜರೀಗಿಡದ (ಫರ್ನ್) ಎಲೆ ತಿರುಗಿಸಿದಾಗ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಕಂಡರೆ ಬೇವಿನೆಣ್ಣೆ ಹೊಡೆಯಲು ಓಡಬೇಡಿ. ಶಲ್ಕ ಕೀಟವಾಗಿದ್ದರೆ ಎಲ್ಲೆಂದರಲ್ಲಿ ಕೂತಿರುತ್ತದೆ, ದಂಟನ್ನೂ ಬಿಡುವುದಿಲ್ಲ. ಈ ಚುಕ್ಕೆಗಳು ಹಾಗಲ್ಲ. ನರದ ಎರಡೂ ಪಕ್ಕ ಅಳೆದು ಇಟ್ಟಂತೆ ಇರುತ್ತವೆ, ಅದೂ ಎಲೆಯ ಅಡಿಯಲ್ಲಿ ಮಾತ್ರ. ಇವೇ ಸೋರಸ್‌ಗಳು. ಹೂ, ಕಾಯಿ, ಬೀಜ ಯಾವುದೂ ಇಲ್ಲದ ಈ ಗಿಡದ ಮುಂದಿನ ಪೀಳಿಗೆ ಇರುವುದು ಇಲ್ಲೇ.

ಮನೆಯಲ್ಲಿ ಫರ್ನ್ ಹೆಚ್ಚಿಸಲು ಎರಡು ದಾರಿ ಇವೆ. ಒಂದು, ಇರುವ ಗಿಡದಿಂದಲೇ ಇನ್ನೊಂದನ್ನು ಬಿಡಿಸಿಕೊಳ್ಳುವುದು. ಇನ್ನೊಂದು, ಸ್ಪೋರ್ ಬಿತ್ತುವುದು, ಅಂದರೆ ಸೋರಸ್‌ನಿಂದ ಉದುರುವ ನುಣ್ಣನೆಯ ಪುಡಿಯನ್ನು. ಎರಡನೆಯದಕ್ಕೆ ತಾಳ್ಮೆ ಜಾಸ್ತಿ ಬೇಕು, ಆದರೆ ನೋಡುವುದಕ್ಕೆ ಮಜಾ ಇರುವುದು ಅದರಲ್ಲೇ.

ಮೊದಲು ಸುಲಭದ್ದು

ಬೋಸ್ಟನ್ ಫರ್ನ್ ಇದ್ದರೆ ಕುಂಡದಿಂದ ಹಸಿರು ದಾರದಂಥ ಎಳೆಗಳು ಕೆಳಗೆ ಇಳಿಬಿದ್ದಿರುತ್ತವೆ. ಅಂದ ಕೆಡುತ್ತದೆ ಎಂದು ಎಷ್ಟೋ ಜನ ಅವನ್ನು ಕತ್ತರಿಸಿ ಬಿಸಾಡುತ್ತಾರೆ. ಅವು ಗಿಡದ ಬಳ್ಳಿಗಳು. ಪಕ್ಕದಲ್ಲಿ ಇನ್ನೊಂದು ಕುಂಡ ಇಟ್ಟು, ಒಂದು ಎಳೆಯನ್ನು ಅದರ ಮಣ್ಣಿಗೆ ತಾಗಿಸಿ, ಹೇರ್‌ಪಿನ್ ಚುಚ್ಚಿ ಹಿಡಿಸಿ. ಮಣ್ಣು ಒಣಗಬಾರದು. ಎಳೆಯ ಮೇಲೆ ಮರಿ ಮೂಡಿ ಮೂರು ನಾಲ್ಕು ಎಲೆ ಬಿಟ್ಟ ಮೇಲೆ ತಾಯಿಗಿಡದ ಕಡೆಯಿಂದ ಕತ್ತರಿಸಿ. ಈ ತಳಿ 1890ರ ದಶಕದಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಗಮನಕ್ಕೆ ಬಂತು. ಇದರಲ್ಲಿ ಮೊಳೆಯುವಂಥ ಸ್ಪೋರ್ ಸಿಗುವುದೇ ಅಪರೂಪ. ಹಾಗಾಗಿ ಬಳ್ಳಿಯಿಂದಲೋ ಪ್ರಯೋಗಾಲಯದ ಟಿಶ್ಯೂ ಕಲ್ಚರ್‌ನಿಂದಲೋ ನಕಲು ಮಾಡಿಯೇ ಬೆಳೆಸಬೇಕು.

ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆ ಹೋದರೆ ಮುರಕಲ್ಲಿನ ಗೋಡೆ, ರಸ್ತೆ ಬದಿಯ ದರೆಗಳನ್ನು ಗಮನಿಸಿ. ಅಲ್ಲಿ ಬೆಳೆಯುವ ಅಡಿಯಾಂಟಮ್ ಎಂಬ ಫರ್ನ್ ಜಾತಿಗಳಲ್ಲಿ ಕೆಲವಕ್ಕೆ ಎಲೆಯ ತುದಿ ಉದ್ದವಾಗಿ ಬೆಳೆದು, ಬಾಗಿ, ಮಣ್ಣು ಮುಟ್ಟಿದಲ್ಲಿ ಬೇರು ಬಿಡುತ್ತದೆ. ಅಲ್ಲಿಂದ ಹೊಸ ಗಿಡ, ಅದರ ಎಲೆಯ ತುದಿಯಿಂದ ಮತ್ತೊಂದು. ನಿಮ್ಮ ಕುಂಡದಲ್ಲಿ ಇಂಥದ್ದು ಇದ್ದರೆ ತುದಿಯ ಮೇಲೆ ಸಣ್ಣ ಕಲ್ಲು ಇಟ್ಟರೆ ಸಾಕು.

ಮಣ್ಣಿನ ಮೇಲೆ ಹರಿದಾಡುವ ರೋಮದ ಗೆಡ್ಡೆ ಇರುವ ಡವಾಲಿಯಾ ಆದರೆ, ಚಿಗುರು ತುದಿ ಇರುವ ಬೆರಳುದ್ದದ ತುಂಡು ಕತ್ತರಿಸಿ ತೇವದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಇಡಿ. ಹೂಳಬೇಡಿ, ಕೊಳೆಯುತ್ತದೆ.

ಹೀಗೆ ಬಂದ ಮರಿಗಳೆಲ್ಲ ತಾಯಿಯ ಪಡಿಯಚ್ಚು. ಗಂಡು ಹೆಣ್ಣಿನ ಪ್ರಶ್ನೆಯೇ ಇಲ್ಲ. ಹಕ್ಕಿಗೂಡು ಫರ್ನ್‌ಗೆ ಮಾತ್ರ ಈ ಆಟ ನಡೆಯುವುದಿಲ್ಲ. ಅದರ ಎಲೆಗಳೆಲ್ಲ ಒಂದೇ ಬುಡದಿಂದ ಏಳುತ್ತವೆ. ಕತ್ತರಿಸಿ ಪಾಲು ಮಾಡಲು ಹೋದರೆ ಇದ್ದದ್ದೂ ಹೋಗುತ್ತದೆ. ಅದಕ್ಕೆ ಸ್ಪೋರೇ ಗತಿ.

ಸ್ಪೋರ್ ಹಿಡಿಯುವುದು

ಸೋರಸ್ ಹಸಿರಾಗಿದ್ದರೆ ಇನ್ನೂ ಎಳೆಯದು. ಕಡು ಕಂದಾಗಿ, ಅಂಚು ಹರಿದಂತೆ ಕಂಡರೆ ಪುಡಿ ಆಗಲೇ ಹಾರಿಹೋಗಿದೆ. ಇವೆರಡರ ನಡುವಿನ, ತುಂಬಿಕೊಂಡು ಹೊಳೆಯುವ ಕಂದು ಬಣ್ಣದ ಎಲೆ ಬೇಕು. ಹಕ್ಕಿಗೂಡಿನಲ್ಲಿ ಚುಕ್ಕೆಯ ಬದಲು ಓರೆ ಗೆರೆಗಳಿರುತ್ತವೆ. ಅಡಿಯಾಂಟಮ್‌ನಲ್ಲಿ ಎಲೆಯಂಚು ಮಡಚಿಕೊಂಡು ಸೋರಸ್ ಮುಚ್ಚಿರುತ್ತದೆ.

ಮಲೆನಾಡಿನ ಮಕ್ಕಳು ಒಂದು ಫರ್ನ್ ಎಲೆಯನ್ನು ಕೈಗೆ ಒತ್ತಿ ಬೆಳ್ಳಿಯ ಅಚ್ಚು ಹಾಕಿಕೊಳ್ಳುತ್ತಾರಲ್ವಾ? ಆ ಬಿಳಿ ಪುಡಿ ಸ್ಪೋರ್ ಅಲ್ಲ, ಎಲೆ ಸುರಿಸುವ ಮೇಣದಂಥ ವಸ್ತು. ಅದನ್ನು ಬಿತ್ತಿದರೆ ಏನೂ ಬರುವುದಿಲ್ಲ. ಅಂದಹಾಗೆ ಆ ಗಿಡವೂ ನಮ್ಮದಲ್ಲ, ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ಇಲ್ಲಿ ನೆಲೆಯಾದದ್ದು.

ಎಲೆಯ ತುಂಡನ್ನು ಬಿಳಿ ಕಾಗದದ ಮೇಲೆ, ಸೋರಸ್ ಕೆಳಮುಖವಾಗಿ ಇಟ್ಟು, ಮೇಲೊಂದು ಕಾಗದ ಮುಚ್ಚಿ. ಫ್ಯಾನ್ ಗಾಳಿ ತಾಗಬಾರದು. ಒಂದೆರಡು ದಿನದಲ್ಲಿ ಎಲೆಯ ಆಕಾರದಲ್ಲೇ ಪುಡಿ ಉದುರಿರುತ್ತದೆ.

ಭೂತಗನ್ನಡಿ ಇದ್ದರೆ ಎಲೆಯ ಚೂರೊಂದನ್ನು ಟೇಬಲ್ ಲ್ಯಾಂಪ್ ಕೆಳಗಿಟ್ಟು ಸೋರಸ್ ನೋಡಿ. ಒಂದೊಂದು ಸೋರಸ್‌ನಲ್ಲೂ ತೊಟ್ಟಿರುವ ಪುಟ್ಟ ಚೀಲಗಳ ಗುಂಪು ಇರುತ್ತದೆ. ಪ್ರತಿ ಚೀಲದ ಸುತ್ತ ದಪ್ಪ ಗೋಡೆಯ ಕೋಶಗಳ ಒಂದು ಪಟ್ಟಿ. ಬಿಸಿಗೆ ಆ ಕೋಶಗಳ ನೀರು ಆರುತ್ತಾ ಬಂದಂತೆ ಪಟ್ಟಿ ಹಿಂದಕ್ಕೆ ಬಾಗುತ್ತದೆ, ಚೀಲ ಬಾಯಿ ಬಿಡುತ್ತದೆ. ಒಂದು ಹಂತದಲ್ಲಿ ಕೋಶದೊಳಗೆ ಗುಳ್ಳೆ ಮೂಡಿ, ಎಳೆದು ಹಿಡಿದಿದ್ದ ಪಟ್ಟಿ ಪಟ್ಟನೆ ಮುಂದಕ್ಕೆ ಚಿಮ್ಮುತ್ತದೆ. ಆಗ ಸ್ಪೋರ್‌ಗಳು ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತವೆ. ಸಾಮಾನ್ಯವಾಗಿ ಒಂದು ಚೀಲದಲ್ಲಿ 64 ಸ್ಪೋರ್ ಇರುತ್ತವೆ. ಪ್ರತಿಯೊಂದರಲ್ಲೂ ತಾಯಿಗಿಡದ ಅರ್ಧದಷ್ಟೇ ಕ್ರೋಮೋಸೋಮ್.

ಕಾಗದವನ್ನು ಸ್ವಲ್ಪ ಓರೆ ಮಾಡಿ ಮೆಲ್ಲಗೆ ತಟ್ಟಿ. ಚೀಲದ ಹೊಟ್ಟು ಮೊದಲು ಜಾರುತ್ತದೆ, ನುಣ್ಣನೆಯ ಸ್ಪೋರ್ ಕಾಗದಕ್ಕೇ ಅಂಟಿರುತ್ತದೆ. ಹೊಟ್ಟು ಬಿಸಾಡಿ. ಅದರ ಜೊತೆ ಬಿತ್ತಿದರೆ ಬೂಷ್ಟು ಖಂಡಿತ.

ಬಿತ್ತನೆ

ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು, ಹೋಟೆಲ್ ಪಾರ್ಸೆಲ್‌ನದ್ದಾದರೂ ಆಗುತ್ತದೆ. ಚೆನ್ನಾಗಿ ತೊಳೆದು ಎರಡು ಇಂಚು ಕೊಕೊಪೀಟ್, ಸ್ವಲ್ಪ ಮರಳು ಬೆರೆಸಿ ತುಂಬಿ. ಬಟ್ಟಲಿನಲ್ಲಿಟ್ಟ ಈ ಮಿಶ್ರಣಕ್ಕೆ ಮೊದಲೇ ಕುದಿಯುವ ನೀರು ಸುರಿದು, ಆರಿಸಿ, ಹಿಂಡಿಕೊಂಡಿರಬೇಕು. ಇದನ್ನು ತಪ್ಪಿಸಿದರೆ ಫರ್ನ್‌ಗಿಂತ ಮೊದಲು ಪಾಚಿಯೇ ಡಬ್ಬಿ ತುಂಬುತ್ತದೆ.

ಕಾಗದವನ್ನು ಡಬ್ಬಿಯ ಮೇಲೆ ಹಿಡಿದು ಬೆರಳಿನಿಂದ ತಟ್ಟಿ. ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಬೀಳಲಿ. ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಮುಚ್ಚಳ ಹಾಕಿ, ಬಿಸಿಲು ನೇರ ಬೀಳದ ಕಿಟಕಿ ಬಳಿ ಇಡಿ. ಒಂದೇ ಜಾತಿಯ ಎರಡು ಮೂರು ಗಿಡಗಳ ಸ್ಪೋರ್ ಬೆರೆಸಿ ಬಿತ್ತಿದರೆ ಇನ್ನೂ ಒಳ್ಳೆಯದು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಇನ್ನೊಂದು ಗಿಡ

ಕೆಲವು ವಾರಗಳಲ್ಲಿ ಹಸಿರು ಪದರ ಕಾಣುತ್ತದೆ. ಪಾಚಿ ಎಂದು ಕೆರೆದು ಎಸೆಯಬೇಡಿ. ತಿಂಗಳೆರಡು ಕಳೆದರೆ ಅದು ಉಗುರಿಗಿಂತ ಚಿಕ್ಕ ಹೃದಯಾಕಾರದ ತೆಳು ಹಾಳೆಗಳಾಗುತ್ತದೆ. ಇದು ಪ್ರೊಥ್ಯಾಲಸ್. ಇದು ಫರ್ನ್‌ನ ಸಸಿ ಅಲ್ಲ, ಬೇರೆಯದೇ ಗಿಡ. ಇದಕ್ಕೆ ನಿಜವಾದ ಬೇರಿಲ್ಲ, ದಂಟಿಲ್ಲ. ಅಡಿಯಲ್ಲಿ ಬೇರಿನಂಥ ಕೂದಲುಗಳ ನಡುವೆ ಗಂಡಿನ ಅಂಗಗಳು, ಅಡಿಯಲ್ಲೇ ಹೃದಯದ ಕಚ್ಚಿನ ಹತ್ತಿರ ಹೆಣ್ಣಿನವು. ಗಂಡು ಹೆಣ್ಣು ಸೇರುವುದು ಇಲ್ಲೇ, ನಾವು ನೋಡುವ ದೊಡ್ಡ ಗಿಡದಲ್ಲಿ ಅಲ್ಲ. ಈ ಎರಡು ಪೀಳಿಗೆಗಳ ಸರದಿಯನ್ನು 1851ರಲ್ಲಿ ಬಿಡಿಸಿ ಹೇಳಿದವರು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್. ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ, ಮನೆಯ ಪುಸ್ತಕ ವ್ಯಾಪಾರ ನೋಡಿಕೊಂಡೇ ಸೂಕ್ಷ್ಮದರ್ಶಕ ಹಿಡಿದವರು.

ಮೊದಲು ಮೊಳೆತು ದೊಡ್ಡದಾದ ಪ್ರೊಥ್ಯಾಲಸ್ ಒಂದು ಹಾರ್ಮೋನ್ ಬಿಡುತ್ತದೆ. ಅದು ತಾಗಿದ ಕಿರಿಯವು ಗಂಡಾಗುತ್ತವೆ! ವಾಲ್ಟರ್ ಡೋಪ್ ಎಂಬ ವಿಜ್ಞಾನಿ 1950ರಲ್ಲಿ ಬ್ರ್ಯಾಕನ್ ಫರ್ನ್‌ನಲ್ಲಿ ಇದನ್ನು ಕಂಡರು. ಎಷ್ಟೋ ಜಾತಿಗಳಲ್ಲಿ ಹೀಗೆ ನಡೆಯುತ್ತದೆ. ಒಂದೇ ಪ್ರೊಥ್ಯಾಲಸ್ ತನ್ನೊಳಗೇ ಕೂಡಿದರೆ ಹುಟ್ಟುವ ಗಿಡಕ್ಕೆ ಎರಡೂ ಪಾಲು ಒಂದೇ ಮೂಲದ್ದು, ಬೇಡದ ಗುಣಗಳೆಲ್ಲ ಬಯಲಾಗುತ್ತವೆ. ನೆರೆಯವರ ಜೊತೆ ಕೂಡಿದರೆ ಹೊಸ ಬೆರಕೆ. ಬೇರೆ ಬೇರೆ ಗಿಡಗಳ ಸ್ಪೋರ್ ಬೆರೆಸಲು ಹೇಳಿದ್ದು ಇದಕ್ಕೇ.

ನೀರೇ ಮದುವೆ ಮಾಡಿಸುವುದು

ಬಹಳ ಜನ ಸೋಲುವುದು ಈ ಹಂತದಲ್ಲಿ. ಡಬ್ಬಿಯ ತುಂಬ ಹಸಿರು ಹಾಳೆಗಳು, ತಿಂಗಳು ಕಳೆದರೂ ಫರ್ನ್ ಮಾತ್ರ ಇಲ್ಲ. ಕಾರಣ ಸಾಮಾನ್ಯವಾಗಿ ಒಂದೇ. ಗಂಡು ಕೋಶಗಳಿಗೆ ಸುರುಳಿ ದೇಹ, ಹತ್ತಾರು ಬಾಲ. ಅವು ಈಜಿಯೇ ಹೆಣ್ಣಿನ ಅಂಗ ತಲುಪಬೇಕು. ಅಲ್ಲಿಗೆ ಎಳೆಯುವುದು ಮ್ಯಾಲಿಕ್ ಆಮ್ಲ, ಸೇಬಿನ ಹುಳಿಯಲ್ಲಿರುವುದೇ. 1884ರಲ್ಲಿ ಜರ್ಮನ್ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ ಇದನ್ನು ತೋರಿಸಿಕೊಟ್ಟರು. ದಾರಿಯಲ್ಲಿ ನೀರಿನ ಪೊರೆ ಇಲ್ಲದಿದ್ದರೆ ಎಲ್ಲ ವ್ಯರ್ಥ.

ಹಾಗಾಗಿ ಹಾಳೆಗಳು ಹೃದಯಾಕಾರ ಪಡೆದ ಮೇಲೆ ವಾರಕ್ಕೆ ಒಂದೆರಡು ಸಲ ಕುದಿಸಿ ಆರಿಸಿದ ನೀರನ್ನು ಮಂಜಿನಂತೆ ಸ್ಪ್ರೇ ಮಾಡಿ. ಹಾಳೆಗಳ ಅಡಿಯವರೆಗೂ ಒದ್ದೆಯಾಗಲಿ, ಆದರೆ ಡಬ್ಬಿಯಲ್ಲಿ ನೀರು ನಿಲ್ಲಬಾರದು.

ಕೆಲವು ಫರ್ನ್‌ಗಳಿಗೆ ಇದೂ ಬೇಡ. ಟೆರಿಸ್ ಕ್ರೆಟಿಕಾದ ಪ್ರೊಥ್ಯಾಲಸ್‌ನಿಂದ ಕೂಡುವಿಕೆಯೇ ಇಲ್ಲದೆ ನೇರವಾಗಿ ಫರ್ನ್ ಮೊಳೆಯುವುದನ್ನು ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಫಾರ್ಲೊ 1874ರಲ್ಲಿ ವರದಿ ಮಾಡಿದರು. ಅಂಥವುಗಳ ಸ್ಪೋರ್‌ನಲ್ಲಿ ಕ್ರೋಮೋಸೋಮ್ ಅರ್ಧವಾಗಿರುವುದೇ ಇಲ್ಲ. ಅಮೆರಿಕದ ಅಪಲಾಚಿಯನ್ ಬೆಟ್ಟಗಳಲ್ಲಿ ಇನ್ನೂ ವಿಚಿತ್ರ: ಅಲ್ಲಿನ ಒಂದು ಜಾತಿ ಪ್ರೊಥ್ಯಾಲಸ್ ಆಗಿಯೇ ಉಳಿದುಬಿಟ್ಟಿದೆ. ಬಂಡೆಯ ನೆರಳಿನಲ್ಲಿ ಸಣ್ಣ ತುಣುಕುಗಳನ್ನು ಉದುರಿಸಿಕೊಂಡು ಹಬ್ಬುತ್ತದೆ.

ಕುಂಡಕ್ಕೆ

ಹಾಳೆಯ ಕಚ್ಚಿನಿಂದ ಮೊದಲ ಪುಟ್ಟ ಎಲೆ ಏಳುತ್ತದೆ. ಅದು ದೊಡ್ಡ ಗಿಡದ ಎಲೆಯಂತೆ ಇರುವುದಿಲ್ಲ, ಗಾಬರಿಯಾಗಬೇಡಿ. ಮೂರು ನಾಲ್ಕು ಎಲೆಯಾಗುವವರೆಗೆ ಮುಟ್ಟಬೇಡಿ. ಆಮೇಲೆ ಚಮಚದಿಂದ ಮಣ್ಣಿನ ಸಮೇತ ಎತ್ತಿ ಚಿಕ್ಕ ಕಪ್‌ಗಳಿಗೆ ಹಾಕಿ. ಮುಚ್ಚಳವನ್ನು ಒಮ್ಮೆಲೇ ತೆಗೆದರೆ ಸಸಿ ಬಾಡುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಎರಡು ವಾರದಲ್ಲಿ ಹೊರಗಿನ ಗಾಳಿಗೆ ಒಗ್ಗಿಸಿ. ಬಿತ್ತಿದ ದಿನದಿಂದ ಕುಂಡದಲ್ಲಿ ಅಂದವಾಗಿ ನಿಲ್ಲುವ ಗಿಡಕ್ಕೆ ವರ್ಷವೇ ಹಿಡಿಯಬಹುದು.

ಮಿಕ್ಕ ಸ್ಪೋರನ್ನು ಕಾಗದದ ಪೊಟ್ಟಣದಲ್ಲಿ ಹೆಸರು, ತಾರೀಖು ಬರೆದು ಫ್ರಿಜ್‌ನಲ್ಲಿಡಿ. ಕಂದು ಸ್ಪೋರ್ ವರ್ಷಗಟ್ಟಲೆ ತಾಳುತ್ತದೆ. ಆಸ್ಮಂಡಾದಂಥ ಹಸಿರು ಸ್ಪೋರ್ ಮಾತ್ರ ಕೂಡಲೇ ಬಿತ್ತಬೇಕು, ತಡ ಮಾಡಿದರೆ ಸತ್ತೇ ಹೋಗುತ್ತದೆ.