ಲಸಿಕೆ ಬೇಡ ಅನ್ನುವ ಮನೆಯವರ ಜೊತೆ ಮಾತಾಡುವುದು ಹೇಗೆ

ಕೊರೊನಾ ಕಾಲದಲ್ಲಿ ನಾನು ಅತಿ ಹೆಚ್ಚು ವಾದ ಸೋತಿದ್ದು ನಮ್ಮ ಚಿಕ್ಕಪ್ಪನ ಹತ್ತಿರ. ಅವರು ಒಂದು ವಿಡಿಯೊ ಕಳಿಸುವುದು, ನಾನು ಅದು ಸುಳ್ಳು ಅಂತ ಮೂರು ಲಿಂಕ್ ಕಳಿಸುವುದು, ಅವರು ಅದನ್ನು ತೆರೆದೂ ನೋಡದೆ ಇನ್ನೊಂದು ವಿಡಿಯೊ ಕಳಿಸುವುದು. ಹೀಗೇ ಎರಡು ತಿಂಗಳು ಹೋಯಿತು. ಕೊನೆಗೆ ಅವರು ಲಸಿಕೆ ಹಾಕಿಸಿಕೊಂಡರು, ಆದರೆ ನನ್ನ ಲಿಂಕುಗಳಿಂದಲ್ಲ. ಏನು ಕೆಲಸ ಮಾಡಿತು, ಏನು ಮಾಡಲಿಲ್ಲ ಅಂತ ಇಲ್ಲಿ ಬರೆದಿದ್ದೇನೆ. ಮಗುವಿಗೆ ದಡಾರದ ಲಸಿಕೆ ಹಾಕಿಸಬೇಕಾ ಅನ್ನುವ ಮಾತು ಬಂದಾಗಲೂ ಇದೇ ದಾರಿ ಹಿಡಿಯಬಹುದು.

ಮೊದಲು ಕೇಳಿ. ಸುಮ್ನೆ ಕೇಳಿ. "ಬೇಡ" ಅನ್ನುವ ಒಂದು ಮಾತಿನ ಹಿಂದೆ ಏನೇನೋ ಇರುತ್ತದೆ. ಒಬ್ಬರಿಗೆ ಸೂಜಿ ಅಂದರೇ ಆಗುವುದಿಲ್ಲ, ಆದರೆ ಹೇಳಿಕೊಳ್ಳಲು ನಾಚಿಕೆ. ಇನ್ನೊಬ್ಬರಿಗೆ ಎರಡು ದಿನ ಜ್ವರ ಬಂದು ಮಲಗಿದರೆ ಕೂಲಿ ಹೋಗುತ್ತದಲ್ಲ ಅನ್ನುವ ಚಿಂತೆ. ಮತ್ತೊಬ್ಬರಿಗೆ ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ಅವಮಾನ ಆಗಿರುತ್ತದೆ. ಇವರೆಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಹೇಗೆ?

ಚಿಕ್ಕಪ್ಪನದ್ದು ಭಯಕ್ಕಿಂತ ಸಿಟ್ಟು. ಕೆಲಸ ನಿಂತಿತ್ತು, ಹಳೆಯ ಗೆಳೆಯ ತೀರಿಕೊಂಡಾಗ ಮುಖ ನೋಡಲೂ ಬಿಡಲಿಲ್ಲ. ಅದರ ಮೇಲೆ ದಿನಕ್ಕೊಂದು ಸೂಚನೆ. ಸಾಂಕ್ರಾಮಿಕದ ಶುರುವಿನಲ್ಲಿ ಆರೋಗ್ಯವಂತರೆಲ್ಲ ಮಾಸ್ಕ್ ಹಾಕಬೇಕಿಲ್ಲ ಅಂದಿದ್ದ ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಸೋಂಕು ಹರಡಿರುವ ಕಡೆ ಜನಸಾಮಾನ್ಯರೂ ಹಾಕಿಕೊಳ್ಳಲಿ ಅಂದಿತು. ತಂದ ಸಾಮಾನನ್ನೆಲ್ಲ ಒರೆಸಿ ಒರೆಸಿ ಕೈ ಸವೆದ ಮೇಲೆ, ಇದು ಮುಖ್ಯವಾಗಿ ಉಸಿರಿನ ಗಾಳಿಯಿಂದ ಹರಡುತ್ತದೆ ಅಂದರು. "ಅವರಿಗೇ ಗೊತ್ತಿಲ್ಲ, ನಾನ್ಯಾಕೆ ನಂಬಲಿ?" ಅಂತ ಚಿಕ್ಕಪ್ಪ ಕೇಳಿದರೆ ತಪ್ಪೇನು? ನಾನು ಮೊದಲೇ "ಹೌದು ಚಿಕ್ಕಪ್ಪ, ಮಾತು ಬದಲಾಯಿತು, ರೋಗ ಹೊಸದು, ಅವರೂ ಕಲಿಯುತ್ತಾ ಹೇಳುತ್ತಿದ್ದರು" ಅಂದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಪ್ರಶ್ನೆ ಬಂದಾಗ ಚಿಕ್ಕದಾಗಿ ಉತ್ತರಿಸಿ, ಭಾಷಣ ಬೇಡ. "ಇಷ್ಟು ಬೇಗ ಹೇಗೆ ಮಾಡಿದರು?" ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. 2002–03ರಲ್ಲಿ ಕೊರೊನಾ ಜಾತಿಯದೇ ಇನ್ನೊಂದು ವೈರಸ್ಸಿನಿಂದ ಸಾರ್ಸ್ ಅನ್ನುವ ರೋಗ ಬಂದಾಗಿನಿಂದಲೇ ಈ ಜಾತಿಯ ವೈರಸ್ಸಿನ ಮೇಲೆ ಕೆಲಸ ನಡೆದಿತ್ತು. ಎಂಆರ್‌ಎನ್‌ಎ (ವೈರಸ್ಸಿನ ಒಂದು ತುಣುಕು ತಯಾರಿಸಲು ನಮ್ಮ ಜೀವಕೋಶಕ್ಕೆ ಸೂಚನೆ ಕೊಡುವ) ಲಸಿಕೆಗೆ ದಾರಿ ಮಾಡಿದ ಸಂಶೋಧನೆಗೆ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ಬಂತು, ಆದರೆ ಅವರ ಮುಖ್ಯ ಪ್ರಬಂಧ 2005ರದ್ದು. 2020ರಲ್ಲಿ ಉಳಿತಾಯವಾದದ್ದು ಕಾಯುವ ಸಮಯ. ಪರೀಕ್ಷೆಯ ಒಂದು ಹಂತ ಮುಗಿಯುವ ಮೊದಲೇ ಇನ್ನೊಂದಕ್ಕೆ ತಯಾರಿ ನಡೆಸಿದರು, ಒಪ್ಪಿಗೆ ಸಿಗುವ ಮೊದಲೇ ದುಡ್ಡು ಸುರಿದು ಡೋಸ್ ತಯಾರಿಸಿ ಇಟ್ಟುಕೊಂಡರು.

ಡಿಎನ್‌ಎ ಬದಲಾಗುತ್ತಂತೆ ಅಂದರೆ, ಇಲ್ಲ. ಎಂಆರ್‌ಎನ್‌ಎ ಜೀವಕೋಶದ ನಡುವಿನ ಕೋಶಕೇಂದ್ರಕ್ಕೆ ಹೋಗುವುದೇ ಇಲ್ಲ, ಕೆಲಸ ಮುಗಿಸಿ ಒಡೆದುಹೋಗುತ್ತದೆ. ಲಸಿಕೆಯಲ್ಲಿ ಚಿಪ್ ಇದೆ, ಹಾಕಿಸಿಕೊಂಡರೆ ಮೈಗೆ ಅಯಸ್ಕಾಂತ ಅಂಟುತ್ತದೆ ಅನ್ನುವ ಕಥೆಗೆ ನಾನು ಸಮಯ ಕೊಡುವುದಿಲ್ಲ.

"ಹಾಕಿಸಿಕೊಂಡವರಿಗೂ ಬಂತಲ್ಲ?" ಅಂತಾರೆ. ಬಂತು. ಸೋಂಕು ತಡೆಯುವ ಶಕ್ತಿ ಕೆಲವು ತಿಂಗಳಲ್ಲಿ ಇಳಿಯುತ್ತದೆ, 2021ರ ಕೊನೆಗೆ ಬಂದ ಓಮಿಕ್ರಾನ್‌ನಂಥ ರೂಪಗಳು ಇನ್ನೂ ಸುಲಭವಾಗಿ ನುಸುಳಿದವು. ಆದರೆ ರೋಗ ವಿಪರೀತಕ್ಕೆ ಹೋಗದಂತೆ ತಡೆಯುವ ಶಕ್ತಿ ಅದಕ್ಕಿಂತ ಜಾಸ್ತಿ ಕಾಲ ಉಳಿಯುತ್ತದೆ. ಹಾಕಿಸಿಕೊಂಡರೆ ಬರುವುದೇ ಇಲ್ಲ ಅಂತ ಶುರುವಿನಲ್ಲಿ ನಾವೇ ಹೇಳಿಕೊಂಡು ತಿರುಗಿದ್ದೆವು ಅಲ್ವಾ, ಅದನ್ನೂ ಒಪ್ಪಿಕೊಳ್ಳಿ.

ಅಡ್ಡಪರಿಣಾಮದ ವಿಷಯದಲ್ಲಿ ಮಾತ್ರ ಒಂದು ಅಕ್ಷರವನ್ನೂ ಮುಚ್ಚಿಡಬೇಡಿ. ತೋಳು ನೋವು, ಜ್ವರ, ಸುಸ್ತು ಒಂದೆರಡು ದಿನ ಸಾಮಾನ್ಯ. ಅಪರೂಪಕ್ಕೆ ದೊಡ್ಡ ತೊಂದರೆಗಳೂ ಆಗಿವೆ. ಎಂಆರ್‌ಎನ್‌ಎ ಲಸಿಕೆಯ ನಂತರ, ಅದರಲ್ಲೂ ಎರಡನೇ ಡೋಸ್ ಆದ ಮೇಲೆ, ಕೆಲವು ಹುಡುಗರಿಗೆ ಹೃದಯದ ಸ್ನಾಯುವಿನ ಉರಿಯೂತ ಬಂತು, ಹೆಚ್ಚಿನವರು ಚೇತರಿಸಿಕೊಂಡರು. ಅಡಿನೊವೈರಸ್ ಅನ್ನುವ ಬೇರೊಂದು ವೈರಸ್ಸನ್ನು ರೋಗ ತರದಂತೆ ಮಾಡಿ ಬಳಸಿದ ಲಸಿಕೆಗಳಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಜೀವವೂ ಹೋಯಿತು. ಇದನ್ನು ನೀವು ಹೇಳದಿದ್ದರೆ ನಾಳೆ ಯಾವುದೋ ವಿಡಿಯೊ ಹತ್ತು ಪಟ್ಟು ಮಾಡಿ ಹೇಳುತ್ತದೆ, ಆಮೇಲೆ ನಿಮ್ಮ ಒಂದು ಮಾತೂ ನಡೆಯುವುದಿಲ್ಲ. ಹೇಳಿದ ಮೇಲೆ ರೋಗದಿಂದಲೇ ಆಗುವ ಅಪಾಯವನ್ನು ಪಕ್ಕದಲ್ಲಿಟ್ಟು ತೋರಿಸಿ, ಅದರಲ್ಲೂ ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ತೂಕ ಯಾವ ಕಡೆ ಅಂತ ಅವರೇ ನೋಡಲಿ.

ಹತ್ತು ಜನರ ಎದುರು ಈ ಮಾತು ತೆಗೆಯಬೇಡಿ, ಗ್ರೂಪಿನಲ್ಲಂತೂ ಬೇಡವೇ ಬೇಡ. ಎಲ್ಲರೆದುರು ಒಮ್ಮೆ "ಬೇಡ" ಅಂದವರು ಹಿಂದೆ ಸರಿಯುವುದು ಕಷ್ಟ. ನಿಮ್ಮ ಮಾತು ನಾಟದಿದ್ದರೆ ಅವರು ನಂಬುವ ಬೇರೆ ಯಾರಾದರೂ ಮಾತಾಡಲಿ. ಚಿಕ್ಕಪ್ಪನಿಗೆ ಅವರ ಬಿಪಿ ನೋಡುವ ಹಳೆಯ ಡಾಕ್ಟರು, "ನಾನೂ ಹಾಕಿಸಿಕೊಂಡೆ, ಎರಡು ದಿನ ಕೈ ಎತ್ತಲಾಗಲಿಲ್ಲ" ಅಂದರಂತೆ. ಅಷ್ಟೇ!

ಒಪ್ಪಿದ ಮೇಲೆ ಜೊತೆಗೆ ಹೋಗಿ. ಅಲರ್ಜಿ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚುಚ್ಚುವ ಮೊದಲೇ ಹೇಳಿಸಿ. ಆಮೇಲೆ ಹದಿನೈದು ನಿಮಿಷವೋ ಅರ್ಧ ಗಂಟೆಯೋ ಕೂರಿಸುತ್ತಾರೆ, ತೀವ್ರ ಅಲರ್ಜಿ ಆಗುವುದಿದ್ದರೆ ಹೆಚ್ಚಾಗಿ ಅಷ್ಟರೊಳಗೇ ಗೊತ್ತಾಗುತ್ತದೆ, ಎದ್ದು ಹೊರಡಬೇಡಿ. ಮಾರನೇ ದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಮುಂದಿನ ದಿನಗಳಲ್ಲಿ ಎದೆನೋವು, ಉಸಿರಾಟದ ತೊಂದರೆ, ಬಿಡದ ತಲೆನೋವು ಬಂದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಮತ್ತೆ, "ನಾನು ಅವತ್ತೇ ಹೇಳಿರಲಿಲ್ವಾ" ಅನ್ನಬೇಡಿ. ಚಿಕ್ಕಪ್ಪ ಆ ಅರ್ಧ ಗಂಟೆಯೂ ಗಡಿಯಾರ ನೋಡುತ್ತಾ ಕೂತಿದ್ದರು, ನನಗೆ ನಾಲಿಗೆ ತುದಿಗೇ ಬಂದಿತ್ತು, ನುಂಗಿಕೊಂಡೆ.