ರಿಸರ್ಚ್ ಬಗ್ಗೆ ಮಾತಾಡೋವಾಗ ಮೊದಲನೇ ಸ್ಲೈಡಲ್ಲಿ ಏನಿರ್ಬೇಕು

ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿ ತನ್ನ ಲ್ಯಾಬ್‌ಗಳನ್ನ ಜನರಿಗೆ ತೆರೆದಿಡೋ ಓಪನ್ ಡೇ ದಿನ ಯಾವ್ದಾದ್ರೂ ಲ್ಯಾಬ್ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ, ಪೋಸ್ಟರ್ ತುಂಬಾ ಈಕ್ವೇಷನ್ ಇದ್ರೆ ಜನ ಮಕ್ಕಳ ಕೈ ಹಿಡ್ಕೊಂಡು ಸೀದಾ ಮುಂದಿನ ಸ್ಟಾಲ್‌ಗೆ ಹೋಗ್ತಾರೆ. ತಪ್ಪು ಅವರದ್ದಲ್ಲ ಬಿಡಿ. ನಾವು ಪೇಪರ್ ಬರೆಯೋ ಆರ್ಡರಲ್ಲೇ ಮಾತಾಡ್ತೀವಿ, ಮೊದ್ಲು ಹಿನ್ನೆಲೆ, ಆಮೇಲೆ ಮೆಥಡ್ಡು, ರಿಸಲ್ಟ್ ಬರೋ ಹೊತ್ತಿಗೆ ಎದುರಿಗಿರೋರು ಫೋನ್ ತೆಗ್ದಿರ್ತಾರೆ.

ಅವರು ಕಣ್ಣಾರೆ ನೋಡಿರೋದ್ರಿಂದ ಶುರು ಮಾಡಿ. ನಿಮ್ ಕೆಲಸ ಸರ್ಫ್ಯಾಕ್ಟೆಂಟ್ ಮೇಲೆ, ಅಂದ್ರೆ ಸೋಪಿನ ಪುಡೀಲಿ ಕೊಳೆ ತೆಗ್ದು ನೊರೆ ಬರ್ಸೋ ಕೆಮಿಕಲ್ ಮೇಲೆ ಅನ್ಕೊಳ್ಳಿ. ಮೊದಲನೇ ಸ್ಲೈಡಲ್ಲಿ ಬೆಳ್ಳಂದೂರು ಕೆರೆ ನೊರೆ ಫೋಟೋ ಒಂದೇ ಹಾಕಿ, 'ಮಳೆ ಬಂದಾಗ್ಲೇ ಯಾಕೆ ಇದು ಇಷ್ಟೊಂದು ಏಳುತ್ತೆ?' ಅಂತ ಕೇಳಿ ಸುಮ್ನಾಗಿ. ಯಾರೋ ಫ್ಯಾಕ್ಟರಿ ಕೆಮಿಕಲ್ ಅಂತಾರೆ, ಅನ್ಲಿ. ಆಮೇಲೆ ಹೇಳಿ, ನಮ್ಮನೆ ಬಟ್ಟೆ ಸೋಪಿನ ಪುಡೀನೂ ಅದ್ರಲ್ಲಿದೆ, ಚರಂಡಿ ನೀರಲ್ಲಿ ಬಂದು ಕೆರೆ ಹೂಳಲ್ಲಿ ಸೇರ್ಕೊಂಡಿರುತ್ತೆ, ಜೋರು ಮಳೆಗೆ ಹೂಳು ಕದಡುತ್ತೆ, ಕೋಡೀಲಿ ನೀರು ಧುಮುಕೋವಾಗ ಗಾಳಿ ಸೇರ್ಕೊಂಡು ನೊರೆ ಆಗುತ್ತೆ ಅಂತ. ಈಗ ಸರ್ಫ್ಯಾಕ್ಟೆಂಟ್ ಅಂದ್ರೂ ಯಾರೂ ಹೆದ್ರಲ್ಲ. ಎರಡು ಬಾಟಲ್ ನೀರು ತನ್ನಿ, ಒಂದಕ್ಕೆ ಚಿಟಿಕೆ ಸೋಪಿನ ಪುಡಿ ಹಾಕಿ ಯಾವ್ದಾದ್ರೂ ಮಗು ಕೈಗೆ ಕೊಟ್ಟು ಅಲ್ಲಾಡ್ಸೋಕೆ ಹೇಳಿ, ಹತ್ತು ಸ್ಲೈಡ್ ಹಾಕೋ ಕೆಲಸ ಉಳೀತು.

ಗ್ರಾಫ್ ಹಾಕ್ಲೇಬಾರ್ದು ಅಂತಾರಲ್ಲ, ನಾನು ಒಪ್ಪಲ್ಲ. 2023ರ ಆಗಸ್ಟ್ 23ರ ಸಂಜೆ ಪೀಣ್ಯದ ಇಸ್ರೋ ಸೆಂಟರ್‌ನಿಂದ ಚಂದ್ರಯಾನ-3 ಲೈವ್ ಬಂದಾಗ ಮನೆಮನೇಲೂ ಉಸಿರು ಬಿಗಿ ಹಿಡಿದು ನೋಡಿದ್ದು ಒಂದು ಗ್ರಾಫ್‌ನೇ, ಜೊತೆಗೆ ಇಳೀತಿದ್ದ ಒಂದೆರಡು ನಂಬರ್ರು. ಸ್ಪೀಡ್ ಕಮ್ಮಿ ಆಗ್ದೇ ಇದ್ರೆ ಏನಾಗುತ್ತೆ ಅಂತ 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿದಾಗ್ಲೇ ಎಲ್ರೂ ನೋಡಿದ್ರು. ಹಂಗೇ ನೀವೂ ಗೆರೆ ಎಲ್ಲಿಗೆ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಯಾರಿಗೆ ಏನು ನಷ್ಟ ಅನ್ನೋದನ್ನ ಮೊದ್ಲು ಹೇಳಿ, ಆಮೇಲೆ ಗ್ರಾಫ್ ತೋರ್ಸಿ. ಒಂದೇ ಸಾಕು. ಎರರ್ ಬಾರ್, ಪಿ ವ್ಯಾಲ್ಯೂ ತರದ ಸ್ಟ್ಯಾಟಿಸ್ಟಿಕ್ಸ್ ವಿವರ ಎಲ್ಲಾ ಬ್ಯಾಕಪ್ ಸ್ಲೈಡಲ್ಲಿರ್ಲಿ, ಕೇಳೋ ಒಬ್ರು ಇದ್ದೇ ಇರ್ತಾರೆ.

'ಇದ್ರಿಂದ ಕೆರೆ ಯಾವಾಗ ಕ್ಲೀನ್ ಆಗುತ್ತೆ ಸಾರ್?' ಅನ್ನೋ ಪ್ರಶ್ನೆ ಗ್ಯಾರಂಟಿ ಬರುತ್ತೆ. ಕೆಲಸ ಇನ್ನೂ ಲ್ಯಾಬ್ ಬೀಕರಲ್ಲೇ ಇದ್ರೆ ಹಂಗೇ ಹೇಳಿ, ಚಪ್ಪಾಳೆ ಆಸೆಗೆ 'ಇನ್ನೇನು ಬಂತು' ಅನ್ಬೇಡಿ.

ಹಿಂದಿನ ದಿನ ನಿಮ್ ಫೀಲ್ಡ್ ಗೊತ್ತಿಲ್ದೇ ಇರೋ ಒಬ್ರಿಗೆ ಪೂರ್ತಿ ಹೇಳಿ, ಅರ್ಥ ಆಯ್ತಾ ಅಂತ ಕೇಳ್ಬೇಡಿ, ಮರ್ಯಾದೆಗೆ ಹೂಂ ಅಂತಾರೆ, ನಂಗೆ ವಾಪಸ್ ಹೇಳಿ ಅನ್ನಿ. ಅವರು ತಡವರಿಸೋ ಜಾಗದಲ್ಲಿರೋ ಸ್ಲೈಡನ್ನ ಅವತ್ತು ರಾತ್ರಿನೇ ಬದಲಾಯಿಸಿ.