ಬಟ್ಟೆ ಹಗ್ಗಗಳ ಮೇಲೊಂದು ಆಂಟೆನಾ

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ನಡೆಸುವ ಪರವಾನಗಿ ಕೈಗೆ ಬಂದಾಗ ನಾನು ಬೆಂಗಳೂರಿನ ನಾಲ್ಕಂತಸ್ತಿನ ಕಟ್ಟಡವೊಂದರಲ್ಲಿ ಬಾಡಿಗೆಗಿದ್ದೆ. ತಾರಸಿಯಲ್ಲಿ ಆಂಟೆನಾ ಕಟ್ಟಲು ಕೇಳಿದಾಗ ಮಾಲೀಕರು ಬೇಡವೆನ್ನಲಿಲ್ಲ; ಆದರೆ ಅಂಥದ್ದೇನಾದರೂ ಎದ್ದು ಕಂಡರೆ ಮೊಬೈಲ್ ಟವರ್ ಬಂತೆಂದು ಅಕ್ಕಪಕ್ಕದವರು ಗಾಬರಿಯಾಗುತ್ತಾರೆ, ಕಣ್ಣಿಗೆ ಬೀಳದ ಹಾಗೆ ಮಾಡಿಕೊಳ್ಳಿ ಎಂದರು. ತಾರಸಿಯಲ್ಲಿ ಯಾರೂ ಗಮನಿಸದ ವಸ್ತುವೆಂದರೆ ಬಟ್ಟೆ ಒಣಹಾಕುವ ತಂತಿ. ನಾನು ಅದನ್ನೇ ಆರಿಸಿಕೊಂಡೆ.

ನಡುವೆ ಕೇಬಲ್ ಸೇರುವ, ಎರಡು ಬದಿಗೆ ಚಾಚಿದ ತಂತಿಯ ಆಂಟೆನಾವೇ ಡೈಪೋಲ್. ಅರ್ಧ ತರಂಗದ ಡೈಪೋಲಿನ ಉದ್ದವನ್ನು ಮೀಟರುಗಳಲ್ಲಿ ತಿಳಿಯಲು 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಸಾಕು, ನಾನು ಆರಿಸಿಕೊಂಡ 14.2 ಮೆಗಾಹರ್ಟ್ಸ್‌ಗೆ ಅದು ಸುಮಾರು 10 ಮೀಟರ್. ಅಂಗಡಿಯ ಕಬ್ಬಿಣದ ತಂತಿಯಲ್ಲಿ ಶಕ್ತಿ ನಷ್ಟ ಹೆಚ್ಚಾದ್ದರಿಂದ, ಮನೆ ವೈರಿಂಗಿನ 1.5 ಚದರ ಮಿಲಿಮೀಟರಿನ ಹಸಿರು ತಾಮ್ರದ ವೈರನ್ನು ಬದಿಗೆ 5 ಮೀಟರಿನಂತೆ ಕತ್ತರಿಸಿ, ಆಂಟೆನಾ ರೇಡಿಯೋಗೆ ಎಷ್ಟು ಹೊಂದಿಕೊಂಡಿದೆಯೆಂದು ತೋರಿಸುವ ಮೀಟರ್ ನೋಡುತ್ತ ಬೆರಳಗಲದಷ್ಟೇ ತುಂಡರಿಸುತ್ತ ಬಂದೆ. ಪ್ಲಾಸ್ಟಿಕ್ ಹೊದಿಕೆಯಿರುವ ವೈರ್ ಲೆಕ್ಕಕ್ಕಿಂತ ತುಸು ಗಿಡ್ಡವಾಗಿಯೇ ಹೊಂದಿಕೊಳ್ಳುತ್ತದೆ, ನನ್ನದು 4.8 ಮೀಟರಿನಲ್ಲಿ ನಿಂತಿತು, ಆ ಮೀಟರಿನ ಅಂಕಿ, ಅಂದರೆ ಎಸ್‌ಡಬ್ಲ್ಯುಆರ್ (1 ಇದ್ದರೆ ಪೂರ್ತಿ ಹೊಂದಿಕೆ), 1.3ಕ್ಕೆ ಇಳಿಯಿತು.

ಒಂದು ಬೆಳಿಗ್ಗೆ 50 ವಾಟ್‌ನಲ್ಲಿ ಕರೆ ಕೊಡುತ್ತಿದ್ದಾಗ ಎಸ್‌ಡಬ್ಲ್ಯುಆರ್ ಏಕಾಏಕಿ 3 ದಾಟಿತು. ಮೇಲೆ ಹತ್ತಿ ನೋಡಿದರೆ ಮೂರನೆಯ ಮಹಡಿಯ ಅಜ್ಜಿ ನೀರು ತೊಟ್ಟಿಕ್ಕುವ ಹತ್ತಿ ಸೀರೆಯನ್ನು ನನ್ನ ಡೈಪೋಲಿನ ಮೇಲೆ ಹರವುತ್ತಿದ್ದರು. "ಈ ತಂತಿ ಒಳ್ಳೆ ಬಿಗಿಯಾಗಿದೆ ಕಣಪ್ಪ, ಸೀರೆ ಜೋತು ಬೀಳೋದಿಲ್ಲ" ಎಂದರು. ನನ್ನ ಎದೆ ಝಲ್ಲೆಂದಿತು. ಕರೆ ಕೊಡುವಾಗ ಡೈಪೋಲಿನ ತುದಿಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಹೊದಿಕೆ ಸವೆದಿದ್ದರೆ ಅವರ ಕೈ ಸುಡುತ್ತಿತ್ತು. ಬಟ್ಟೆ ತಂತಿಯಂತೆ ಕಾಣುವುದನ್ನು ಜನ ಬಟ್ಟೆ ತಂತಿಯಂತೆಯೇ ಬಳಸುತ್ತಾರೆಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಅಂದೇ ಅದನ್ನು ಬಿಚ್ಚಿದೆ.

ಎರಡನೆಯ ಬಾರಿ ಆಂಟೆನಾವನ್ನು ಬಿದಿರು ಗಳಗಳ ತುದಿಯಲ್ಲಿ, ಯಾರ ಕೈಗೂ ಎಟುಕದಂತೆ ಒಂಬತ್ತು ಅಡಿ ಎತ್ತರದಲ್ಲಿ ಕಟ್ಟಿ, ಕೆಳಗೆ ಭುಜದ ಮಟ್ಟದಲ್ಲಿ ಬಟ್ಟೆಗೆಂದೇ ಎರಡು ನೈಲಾನ್ ಹಗ್ಗ ಎಳೆದೆ. ಅಲ್ಲಿ ಲೋಹದ ತಂತಿಯಿದ್ದರೆ ಅದೂ ಶಕ್ತಿಯನ್ನು ಹೀರಿ ಹೊಂದಾಣಿಕೆಯನ್ನು ಕೆಡಿಸುತ್ತಿತ್ತು. ಮೇಲಿನದು ರೇಡಿಯೋ ತಂತಿ, ಮುಟ್ಟಬಾರದು ಎಂದು ಪ್ರತಿ ಮನೆಗೂ ಹೋಗಿ ಹೇಳಿದೆ. ನಡುವಿನ ಪಿವಿಸಿ ಪೈಪಿನೊಳಗಿಂದ, ಆಂಟೆನಾವನ್ನು ರೇಡಿಯೋಗೆ ಜೋಡಿಸುವ ಕೋಯಾಕ್ಸ್ ಕೇಬಲ್ ಇಳಿಯುತ್ತದೆ. ಕೇಬಲಿನ ಹೊರಮೈಯಲ್ಲಿ ಕರೆಂಟು ಹರಿದು ಅಕ್ಕಪಕ್ಕದ ಟಿವಿಗಳಿಗೆ ತೊಂದರೆಯಾಗದಿರಲೆಂದು ಪೈಪಿನ ತುದಿಯಲ್ಲೇ ಅದನ್ನು 15 ಸೆಂಟಿಮೀಟರ್ ವ್ಯಾಸಕ್ಕೆ ಎಂಟು ಸುತ್ತು ಸುತ್ತಿ, ಮಳೆ ತಾಗದಂತೆ ಖಾಲಿ ಪ್ಲಾಸ್ಟಿಕ್ ಪೇಂಟ್ ಬಕೆಟನ್ನು ಬೋರಲು ಹಾಕಿದ್ದೇನೆ.

ಡೈಪೋಲ್ ತನ್ನ ತಂತಿಗೆ ಅಡ್ಡವಾದ ದಿಕ್ಕಿಗೇ ಹೆಚ್ಚು ಪಸರಿಸುವುದರಿಂದ ಅದನ್ನು ಈಶಾನ್ಯ ಮೂಲೆಯಿಂದ ನೈಋತ್ಯಕ್ಕೆ ಎಳೆದಿದ್ದೇನೆ. ಯುರೋಪ್ ನಮಗೆ ವಾಯವ್ಯದಲ್ಲಿದೆ. ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣ ಇಷ್ಟು ಹತ್ತಿರವಿರುವುದರಿಂದ ಸ್ವಲ್ಪ ಶಕ್ತಿ ಅಲ್ಲೇ ಕರಗುತ್ತದೆ, ಆದರೂ ಇಟಲಿಯ ಹವ್ಯಾಸಿಯೊಬ್ಬರು ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದ ನನ್ನ ಕರೆಗೆ ಮೊದಲ ವಾರವೇ ಉತ್ತರಿಸಿದರು. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕವಿದ ಕೂಡಲೇ ಸಿಡಿಲಿನ ಭಯಕ್ಕೆ ಕೇಬಲನ್ನು ರೇಡಿಯೋದಿಂದ ಬಿಚ್ಚಿ ಕಿಟಕಿಯಾಚೆ ಇಡುತ್ತೇನೆ. ಉಳಿದ ದಿನಗಳಲ್ಲಿ ಅಜ್ಜಿ ಸಂಜೆ ಸೀರೆ ಮಡಚಿಕೊಂಡು ಕೆಳಗಿಳಿಯುವಾಗ ನಮ್ಮ ಬಾಗಿಲು ತಟ್ಟಿ "ಆಯ್ತಪ್ಪ" ಎನ್ನುತ್ತಾರೆ. ಆಮೇಲೆಯೇ ನಾನು ಮೋರ್ಸ್ ಕೀ ಮುಟ್ಟುವುದು.